ಅಯ್ಯಮ್ಮನ ಒಲೆಗಳು

ಮತ್ತೆ ಚೈನು ಕಳಚಿತು, ಏರು ಬಂದಾಗೆಲ್ಲ ಇದರದು ಇದೇ ಹಟ, ಸರದಾರಸಾಬನ ಸೈಕಲ್ಲು ಸರದಾರಸಾಬನ ಹಾಗೆಯೇ, ಸಪಾಟು ದಾರಿಯಲ್ಲಿ ಹುಲಿ, ಗುಡ್ಡ ಕಂಡರೆ ಉಬ್ಬಸ — ಮಲ್ಕಪ್ಪ ಇಳಿದು ಎಣ್ಣೆಗೈಯಲ್ಲೇ ಬೆವರು ಒರೆಸಿಕೊಂಡ, ಕೈ ಚೈನಿನ ಮೇಲಿದ್ದರೂ ಕಣ್ಣು ಬಂಡೆಗಳ ನಡುವೆ ಹುಡುಕುತ್ತಿತ್ತು, ಸುರಪುರದ ಈ ಗುಡ್ಡಗಳಲ್ಲಿ ಕಲ್ಲಿಗೇನು ಬರ, ಆದರೆ ಅವನಿಗೆ ಬೇಕಾದದ್ದು ಹೊಗೆ ಹಿಡಿದ ಮೂರೇ ಕಲ್ಲು, ಹೆಂಡತಿ ಅಯ್ಯಮ್ಮ ರೊಟ್ಟಿ ಬಡಿದು ಬಿಟ್ಟುಹೋದ ಒಲೆ. ಯಾದಗಿರಿ ಬಿಟ್ಟು ಭೀಮೆ ದಾಟಿದ ಮೇಲೆ ಮೊದಲ ಒಲೆ ಸಿಕ್ಕಿದ್ದು ದೋರನಹಳ್ಳಿಯ ಆಚೆ, ಮಳೆಗೆ ಬೂದಿಯೆಲ್ಲ ತೊಳೆದುಹೋಗಿತ್ತು, ಒಂದು ಕಲ್ಲು ಮಾತ್ರ ಪಡುವಣಕ್ಕೆ ಉರುಳಿತ್ತು, ಶಹಾಪುರದ ಗುಡ್ಡದ ಬುಡದಲ್ಲಿ ಇನ್ನೊಂದು, ಅದರ ಕಲ್ಲು ತೆಂಕಣಕ್ಕೆ. ಅವಳ ತವರಿನ ಕುರಿಗಾರರ ಪದ್ಧತಿ ಅದು, ಹಟ್ಟಿ ಕೀಳುವಾಗ ಒಲೆ ಹಚ್ಚಿದ ಹೆಂಗಸೇ ಒಂದು ಕಲ್ಲನ್ನು ಹೋಗುವ ದಿಕ್ಕಿಗೆ ಉರುಳಿಸಬೇಕು, ಹಿಂದೆ ಬರುವವನಿಗೆ ದಾರಿ ತಿಳಿಯಲಿ ಅಂತ, ಹಿಂದ ಬರಾವ ಯಾರೂ ಇಲ್ಲಂದ್ರ ಮೂರೂ ನಿಂತೇ ಇರ್ತಾವ್ರಿ, ಮದುವೆಯ ಹೊಸದರಲ್ಲಿ ಅವಳೇ ಹೇಳಿದ್ದಳು, ಅವನು ನಕ್ಕಿದ್ದ.

ರಜಾಕಾರರ ಗದ್ದಲ ಹೆಚ್ಚಾದಾಗ ಅವನೇ ಅವಳನ್ನು ಅವಳಣ್ಣ ಹುಲಗಪ್ಪನ ಕುರಿಗಳ ಹಿಂದೆ ಗುಡ್ಡಕ್ಕೆ ಕಳಿಸಿದ್ದು, ತಣ್ಣಗಾದ ಮರುದಿನಾನೇ ಬರ್ತೇನಿ, ಕಲ್ಲು ಉರುಳಿಸೋದು ಮರೀಬ್ಯಾಡ, ಅಂದಿದ್ದ. ನಿಜಾಮನ ರಾಜ್ಯ ಹೋಯಿತು, ಠಾಣೆಯ ಮೇಲೆ ಬೇರೆ ಬಾವುಟ ಬಂತು, ಹೊರಡಬೇಕು ಅನ್ನುವಷ್ಟರಲ್ಲಿ ಭಯ ಓಣಿ ಬದಲಿಸಿ ಸಾಬರ ಓಣಿಗೆ ಬಂದಿತ್ತು, ಇವನನ್ನು ತನ್ನ ಅಂಗಡಿಯ ಅಟ್ಟದಲ್ಲಿ ಬಚ್ಚಿಟ್ಟು ಕಾಯ್ದ ಸರದಾರಸಾಬ ಈಗ ತಾನೇ ಅಗಳಿ ಹಾಕಿಕೊಂಡು ಕೂತಿದ್ದ, ಅವನ ಹೆಂಡತಿ ಖಾಸಿಂಬೀ ಸೆರಗು ಬಾಯಿಗೆ ಹಿಡಿದು, ಮಲ್ಕಪ್ಪಾ, ನೀ ಬಾಗಿಲಾಗ ಕುಂತ್ರ ಯಾರೂ ಒಳಗ ಬರಂಗಿಲ್ಲೊ, ಅಂದಳು, ಮಲ್ಕಪ್ಪ ಕೂತ, ಉಂಡ ಮನೆಯ ಗಳ ಎಣಿಸುವ ಜಾಯಮಾನ ಅವನದಲ್ಲ, ಸೀಗಿ ಹುಣ್ಣಿಮೆ ಹೋಯಿತು, ದೀಪಾವಳಿ ಹೋಯಿತು, ಬಿಳಿಜೋಳ ತೆನೆ ಹಿಡಿಯಿತು, ಆಮೇಲೆ ಸಾಬನ ಸೈಕಲ್ಲೇರಿ ಹೊರಟ — ಕೂತದ್ದು ತಪ್ಪಲ್ಲ, ಆದರೆ ಗುಡ್ಡದಲ್ಲಿದ್ದವಳಿಗೆ ಒಂದು ಮಾತು ಮುಟ್ಟಿಸಬಹುದಿತ್ತಲ್ಲ, ಸತ್ತನೋ ಬದುಕಿದನೋ ಅಂತಲೂ ತಿಳಿಯದೆ ಅವಳು ಎಷ್ಟು ಒಲೆ ಹಚ್ಚಿದಳೋ, ದಾರಿಯುದ್ದಕ್ಕೂ ಅವನಿಗೆ, ಬಂಡೆಸಂದಿಯಲ್ಲಿ ಕಂಬಳಿ ಹೊದ್ದು ಮಲಗಿದರೂ ಅದೇ, ಜಾಲಿಮುಳ್ಳು ಚುಚ್ಚಿದ ಟ್ಯೂಬಿಗೆ ತೇಪೆ ಹಚ್ಚುತ್ತ ಕಟಕ ರೊಟ್ಟಿ ಕಡಿದರೂ ಅದೇ, ಉರುಳಿದ ಕಲ್ಲು. ಇವತ್ತು ಬೆಳಿಗ್ಗೆ ವಿಚಾರಿಸಿದಾಗ ಆಡು ಕಾಯುತ್ತಿದ್ದ ಮುದುಕಿ ರೇಣಮ್ಮ ಗೇಲಿ ಮಾಡಿದಳು, ಸೈಕಲ್ ಏರಿ ಹೆಣ್ತಿ ಹುಡಕಾಕ ಬಂದೀಯೇನೊ, ಕುರಿ ಸಡಕಿನ ಮ್ಯಾಲ ಮೇಯ್ತಾವೇನು, ಹುಲಗಪ್ಪನ ಮಂದಿ ಈಗಷ್ಟೇ ಆ ಗುಡ್ಡದ ಮ್ಯಾಲಿಂದ ಇಳದಾರ, ನಿನ್ನಾಕಿ ಗಟ್ಟಿ ಅದಾಳ, ಹೋಗು. ಬದುಕಿದ್ದಾಳೆ, ಅಷ್ಟು ಸಾಕು ಅನ್ನಿಸಿತ್ತು, ಏರು ಮುಗಿಯುವ ಹೊತ್ತಿಗೆ ಅಷ್ಟೇ ಸಾಲದಾಯಿತು.

ಅಗೋ ಒಲೆ, ಅವಳದೇ, ಗಾಳಿ ಬರುವ ಕಡೆ ದೊಡ್ಡ ಕಲ್ಲು ಇಡುವವಳು ಅವಳೇ, ಬೂದಿಯಲ್ಲಿ ಬೆರಳಿಟ್ಟ, ಬೆಚ್ಚಗಿದೆ, ಕೆಳಗೆ ಕುರಿಗಂಟೆ ಕೇಳುತ್ತಿದೆ, ಕೂಗಿದರೆ ಓಗೊಡುವಷ್ಟು ಹತ್ತಿರ, ಕೂಗಬೇಕು, ಅವಸರದಲ್ಲಿ ಕಲ್ಲು ಉರುಳಿಸುವುದು ಮರೆತಿರಬೇಕು, ಇಲ್ಲ, ಅವಳು ಉಪ್ಪು ಮರೆತಾಳು ಇದನ್ನು ಮರೆಯಳು, ಕುರಿ ತುಳಿದರೆ ಕಲ್ಲು ಬಿದ್ದೀತು, ಎದ್ದು ನಿಂತೀತೇ, ಕೂಗಬೇಕು, ಕೈ ತಾನಾಗಿ ಒಂದು ಕಲ್ಲಿನ ಮೇಲೆ ಹೋಯಿತು, ಉರುಳಿಸಲೇ, ಒಲೆ ಹಚ್ಚಿದವಳೇ ಉರುಳಿಸಬೇಕು, ಕೈ ತೆಗೆದ, ಬೂದಿ ಬೆಚ್ಚಗಿದೆ, ಮೂರೂ ನಿಂತಿವೆ, ಬೂದಿ ಇನ್ನೂ ಬೆಚ್ಚಗಿದೆ, ಮೂರೂ ನಿಂತಿವೆ.