ಗುರುವಿನ ತೀರ್ಪಿನ ಮೇಲ್ಮನವಿ

ಗೊಬ್ನಿಟ್ ಕ್ರೀಡನ್ ಮತ್ತು ನಾನು ಒಂದೇ ವರ್ಷ ಕಾರ್ಕ್ ನಗರದಲ್ಲಿ ವಕೀಲರ ಗೌನು ತೊಟ್ಟವರು. ಅವಳು ಮಕ್ರೂಮ್ ಪೇಟೆಯ ಮಾಂಸದಂಗಡಿಯವನ ಮಗಳು. ಕೋರ್ಟಿನ ವಕೀಲರ ಕೋಣೆಯಲ್ಲಿ ಆಗ ಹೆಂಗಸರು ಗೌನು ನೇತುಹಾಕಲು ಒಂದು ಮೊಳೆಯೂ ಇರಲಿಲ್ಲ. ಬಂದ ವಾರದಲ್ಲೇ ಅವಳು ಅಪ್ಪನ ಅಂಗಡಿಯಿಂದ ಮಾಂಸ ನೇತುಹಾಕುವ ಕೊಂಡಿಯೊಂದನ್ನು ತಂದು, ಗೋಡೆಗೆ ತಾನೇ ಹೊಡೆದಳು. ಕೋಣೆ ತುಂಬ ಗಂಡಸರಿದ್ದರು.

ಹೊಸಬರು ಒಂದು ವರ್ಷ ಹಿರಿಯ ವಕೀಲರೊಬ್ಬರ ಕೈಕೆಳಗೆ ಕಲಿಯಬೇಕು. ಅವಳನ್ನು ಸೇರಿಸಿಕೊಂಡವರು ಕಾರ್ಮಕ್ ಪ್ರೆಂಡಿವಿಲ್. ಬಾಯಿ ಒರಟು, ಬುದ್ಧಿ ಹರಿತ.

"ವಾದ ಚೆನ್ನಾಗಿತ್ತು ಕಣಮ್ಮ ಕ್ರೀಡನ್. ಅರ್ಧದಷ್ಟೇ ಮಾತಾಡಿದ್ರೂ ಸಾಕಿತ್ತು" ಎಂದು ಅವರು ಎಲ್ಲರೆದುರು ಅಂದರೆ, ಅವಳು ಕಾಗದ ಕಟ್ಟುತ್ತಲೇ, "ಇನ್ನರ್ಧ ನಿಮಗೋಸ್ಕರ ಸರ್. ನೀವು ಮೊದಲರ್ಧದಲ್ಲಿ ನಿದ್ದೆ ಮಾಡ್ತಿದ್ರಿ" ಅನ್ನುವಳು. ಅವರು ಹೊಟ್ಟೆ ಕುಲುಕಿಸಿ ನಗುವರು. ಕಾನೂನು ಕಲಿಸಿದ್ದೂ ಅವರೇ, ಮುಂದೆ ಅವಳ ಮದುವೆಗೆ ಕೇಕ್ ಕತ್ತರಿಸಿ ಹಂಚಿದ್ದೂ ಅವರೇ.

ಪ್ರೆಂಡಿವಿಲ್ ಹೈಕೋರ್ಟ್ ನ್ಯಾಯಾಧೀಶರಾದರು. ಕೆಲವು ವರ್ಷಗಳಲ್ಲಿ ಅವಳೂ ಅದೇ ಪೀಠಕ್ಕೆ ಬಂದಳು. ಆಮೇಲೆ ಡಬ್ಲಿನ್‌ನಲ್ಲಿ ಮೇಲ್ಮನವಿಗೆಂದೇ ಹೊಸ ನ್ಯಾಯಾಲಯ ತೆರೆದಾಗ ಸರ್ಕಾರ ಅವಳನ್ನು ಅಲ್ಲಿಗೆ ಕರೆಯಿತು. ಗುರು ಕೆಳಗೇ ಉಳಿದರು. ಅವರ ತೀರ್ಪು ಅವಳ ಮುಂದೆ ಬಂದ ದಿನ ಏನಾದೀತು ಎಂದು ನಾವು ವಕೀಲರು ಚಹಾ ಕುಡಿಯುತ್ತ ಮಾತಾಡಿಕೊಳ್ಳುತ್ತಿದ್ದೆವು.

ಆ ದಿನ ಬಂತು. ಒಂದು ಕಡೆಗೆ ವಕೀಲ ನಾನೇ.

ಪಶ್ಚಿಮ ಕಾರ್ಕಿನ ಬೇರಾದಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಗುಡ್ಡದ ಮೇಲೆ ಹೆಸರಿಲ್ಲದ ಕಲ್ಲುಗಳ ಒಂದು ಜಾಗವಿದೆ. ಜ್ಞಾನಸ್ನಾನ ಆಗುವ ಮೊದಲೇ ಸತ್ತ ಕೂಸುಗಳನ್ನು ಚರ್ಚಿನ ಸ್ಮಶಾನ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ತಂದೆಯರು ಅವನ್ನು ಅಲ್ಲಿ ಹೂಳುತ್ತಿದ್ದರು. ನೋರಾ ಹ್ಯಾರಿಂಗ್ಟನ್ ಎಂಬ ಮುದುಕಿಯ ಅಣ್ಣ ಅಲ್ಲಿದ್ದಾನೆ. ಅವಳ ತಾಯಿ, ತಾಯಿ ಹೋದ ಮೇಲೆ ಅವಳು, ಲೋವ್ನಿ ಮನೆತನದವರ ಹೊಲ ದಾಟಿ ಅಲ್ಲಿಗೆ ಹೋಗುತ್ತಿದ್ದರು. ಆ ಹೊಲವನ್ನು ನನ್ನ ಕಕ್ಷಿದಾರ ಸ್ವಾಂಟನ್ ಕೊಂಡ. ಕುರಿ ಸಾಕಲು ಬೇಲಿ ಹಾಕಿ ದಾರಿ ಮುಚ್ಚಿದ. ನೋರಾ ಕೋರ್ಟಿಗೆ ಹೋದಳು.

ಹೈಕೋರ್ಟಿನಲ್ಲಿ ಪ್ರೆಂಡಿವಿಲ್ ನಮ್ಮ ಪರ ತೀರ್ಪು ಕೊಟ್ಟರು. ಬಹುಕಾಲ ನಡೆದಾಡಿದ್ದರಿಂದ ದಾರಿಯ ಹಕ್ಕು ಬರಬೇಕಾದರೆ ಬಹಿರಂಗವಾಗಿ ನಡೆದಿರಬೇಕು, ಕದ್ದುಮುಚ್ಚಿ ನಡೆದರೆ ಆಗದು. ಇವರು ಕತ್ತಲಾಗುವ ಹೊತ್ತಿಗೆ, ತಲೆಗೆ ಶಾಲು ಹೊದ್ದು ಹೋಗುತ್ತಿದ್ದೆವೆಂದು ತಾವೇ ಹೇಳಿದ್ದಾರೆ ಎಂದು ಬರೆದರು. ನೋರಾ ಮೇಲ್ಮನವಿ ಹಾಕಿದಳು.

ಮೂವರು ನ್ಯಾಯಾಧೀಶರ ಪೀಠದ ನಡುವೆ ಗೊಬ್ನಿಟ್ ಕುಳಿತಿದ್ದಳು. ಕುಳಿತವಳೇ, "ಕೆಳಗಿನ ನ್ಯಾಯಾಧೀಶರು ನನ್ನ ಗುರುಗಳು. ಯಾರಿಗಾದ್ರೂ ಆಕ್ಷೇಪಣೆ ಇದ್ರೆ ಈಗಲೇ ಹೇಳಿ" ಎಂದಳು. ನನಗೇಕೆ ಆಕ್ಷೇಪಣೆ? ಒಳಗೊಳಗೇ ಹಿಗ್ಗಿದೆ.

ನನ್ನ ವಾದ ಸರಾಗವಾಗಿ ಸಾಗುತ್ತಿತ್ತು. ಅವಳು ಪೆನ್ಸಿಲು ಕೆಳಗಿಟ್ಟಳು.

"ಮಿಸ್ಟರ್ ಕಾಫ್ಲನ್, ಅವರು ಬಚ್ಚಿಟ್ಕೊಂಡು ಹೋಗ್ತಿದ್ರು ಅಂತೀರಿ. ಯಾರಿಂದ?"

"ಎಲ್ಲರಿಂದಲೂ, ಜಡ್ಜ್."

"ಲೋವ್ನಿಯವರಿಂದಲೂ?"

"ಹಾಗಂತಲೇ ಅರ್ಥ ಬರುತ್ತೆ."

"ಲೋವ್ನಿಯ ಮಗನನ್ನ ಕೆಳಗಿನ ಕೋರ್ಟಲ್ಲಿ ಪಾಟೀಸವಾಲು ಮಾಡಿದ್ದು ನೀವೇ. ಆ ಸಂಜೆಗಳಲ್ಲಿ ನಿಮ್ಮಪ್ಪ ಏನ್ಮಾಡ್ತಿದ್ದ ಅಂತ ಕೇಳಿದ್ರಿ. ಅವನೇನಂದ?"

"ನಾಯಿನ ಕಟ್ಟಿಹಾಕ್ತಿದ್ದ, ಅಂದ."

"ಯಾಕೆ ಕಟ್ಟಿಹಾಕ್ತಿದ್ದ?"

"ಹೆಂಗಸರು ಬರೋ ಹೊತ್ತು ಅಂತ."

"ಅಂದ್ರೆ ಹೊಲದವನಿಗೆ ಗೊತ್ತಿತ್ತು, ದಾರಿ ಮಾಡಿಕೊಡ್ತಾನೂ ಇದ್ದ. ಅವರು ಬಚ್ಚಿಟ್ಕೊಂಡಿದ್ದು ಪಾದ್ರಿಯಿಂದ, ಊರಿನ ಬಾಯಿಂದ. ಪಾದ್ರಿಯದಲ್ಲವಲ್ಲ ಹೊಲ?"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಲೋವ್ನಿ ದಯೆಯಿಂದ ಬಿಟ್ಟುಕೊಂಡದ್ದು, ಅದರಿಂದ ಹಕ್ಕು ಹುಟ್ಟದು ಎಂದು ಇನ್ನೊಂದು ದಾರಿ ಹಿಡಿದೆ. ಅವಳು ಪೂರ್ತಿ ಕೇಳಿದಳು. "ಅವರು ಅವನನ್ನ ಯಾವತ್ತಾದ್ರೂ ಅಪ್ಪಣೆ ಕೇಳಿದ್ರಾ?" ಎಂದಳು. ಕೇಳಿರಲಿಲ್ಲ; ಕೇಳದೆ, ಹಕ್ಕಿದ್ದವರಂತೆಯೇ ನಡೆದಿದ್ದರು. ಸೋತೆನೆಂದು ಆಗಲೇ ತಿಳಿಯಿತು.

ತೀರ್ಪನ್ನು ಅವಳೇ ಬರೆದಳು, ಉಳಿದಿಬ್ಬರು ಒಪ್ಪಿದರು. ಗುರುವಿನ ಬಗ್ಗೆ ಒಂದು ಕಟುಮಾತಿಲ್ಲ, ಮುಲಾಮೂ ಇಲ್ಲ. "ಪ್ರಶ್ನೆಯನ್ನು ತಪ್ಪು ದಿಕ್ಕಿಗೆ ಕೇಳಲಾಗಿದೆ" ಎಂದಿತ್ತು, ಅಷ್ಟೇ.

ಆ ಬೇಸಿಗೆ ಥರ್ಲ್ಸ್‌ನಲ್ಲಿ ಹರ್ಲಿಂಗ್ ಎಂಬ ಕೋಲುಚೆಂಡಾಟದ ಪಂದ್ಯಕ್ಕೆ ಹೋಗಿದ್ದೆ. ಆಟಕ್ಕೆ ಮೊದಲು ಊಟದ ಹೋಟೆಲಿನಲ್ಲಿ ಪ್ರೆಂಡಿವಿಲ್ ಹಂದಿಮಾಂಸ, ಕೋಸು ತಿನ್ನುತ್ತಿದ್ದರು. ನನ್ನನ್ನೂ ಕೂರಿಸಿಕೊಂಡರು. ಅಷ್ಟರಲ್ಲಿ ಕಾರ್ಕ್ ತಂಡದ ಕೆಂಪು ಶಾಲು ಸುತ್ತಿಕೊಂಡು ಗೊಬ್ನಿಟ್ ಬಂದಳು. ತಪ್ಪಿಸಿಕೊಳ್ಳಲಿಲ್ಲ, ನೇರ ಬಂದು ಎದುರು ಕುರ್ಚಿ ಎಳೆದಳು.

"ಬಾರಮ್ಮ" ಎಂದರು ಮುದುಕ. "ಬರೆಯೋವಾಗ ನನ್ನ ನೆನಪು ಬಂತಾ?"

"ಇಲ್ಲ ಸರ್. ಮುಗಿದ್ಮೇಲೆ ಬಂತು."

"ಬಂದು?"

"ಬೇಜಾರಾಯ್ತು. ಮತ್ತೊಂದು ಸಲ ಓದಿದೆ. ಒಂದಕ್ಷರಾನೂ ಬದಲಾಯಿಸೋ ಹಾಗಿರಲಿಲ್ಲ."

ಅವರು ಕೋಸನ್ನು ಕೆದಕಿದರು. ಕೆನ್ನೆ ಕೆಂಪಾಗಿತ್ತು. ನೋವಾಗಿತ್ತು, ಅದನ್ನು ಮರೆಮಾಡುವ ಮನುಷ್ಯರಲ್ಲ.

"ನಾಯಿ ಮಾತು ನಾನೂ ಕೇಳಿದ್ದೆ ಕಣೆ" ಎಂದರು. "ಕೇಳಿ ನಕ್ಕುಬಿಟ್ಟಿದ್ದೆ. ಬರ್ಕೊಳ್ಳಲಿಲ್ಲ." ಆಮೇಲೆ ನನ್ನತ್ತ ಫೋರ್ಕ್ ತಿರುಗಿಸಿ, "ತಪ್ಪೆಲ್ಲ ಇವನದು. ಉತ್ತರ ಗೊತ್ತಿಲ್ದೆ ಪ್ರಶ್ನೆ ಕೇಳೋ ದಡ್ಡ. ಅವಳಿಗೂ ಒಂದು ತಟ್ಟೆ ತರಿಸೋ" ಎಂದರು.

ತರಿಸಿದೆ. ಮೂವರೂ ಉಂಡು ಪಂದ್ಯಕ್ಕೆ ಹೋದೆವು. ಕಾರ್ಕ್ ಸೋತಿತು, ಅದಕ್ಕೆ ಅವರಿಬ್ಬರೂ ರೆಫರಿಯನ್ನು ಒಂದೇ ದನಿಯಲ್ಲಿ ಬೈದರು.

ಸ್ವಾಂಟನ್ ಗೊಣಗುತ್ತಲೇ ಬೇಲಿಗೆ ಒಂದು ಚಿಕ್ಕ ಗೇಟು ಇಟ್ಟ. ನೋರಾ ಈಗ ಮಟಮಟ ಮಧ್ಯಾಹ್ನ, ಶಾಲಿಲ್ಲದೆ ಗುಡ್ಡ ಹತ್ತುತ್ತಾಳಂತೆ.