ಹೊದಿಸಲು ಎರಡು ಬಟ್ಟೆ

"ಅಷ್ಟು ಉಜ್ಜಬೇಡಿ ಅತ್ತಿಗೆ, ಚರ್ಮ ಕಿತ್ತು ಬಂದೀತು," ಎಂದು ನಾದಿನಿ ಕೈ ಹಿಡಿದಾಗಲೇ ಬಣ್ಣದಮ್ಮನಿಗೆ ತಾನೇನು ಮಾಡುತ್ತಿದ್ದೇನೆಂಬುದು ಅರಿವಿಗೆ ಬಂದದ್ದು. ಗಂಡನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಪಾತ್ರೆ ತಿಕ್ಕುವ ನಾರಿನಿಂದ ಉಗುರು ತಿಕ್ಕುತ್ತಿದ್ದಳು. ಬಟ್ಟೆಗೆ ಬಣ್ಣ ಹಾಕಿ ಹಾಕಿ ಮೊಣಕೈವರೆಗೂ ನೀಲಿಗಟ್ಟಿದ್ದ ಕೈ. ಬೆರಳ ಸಂದಿಯಲ್ಲಿ ಹಳದಿ, ಉಗುರಿನ ಬುಡದಲ್ಲಿ ಇಂಥದೆಂದು ಹೇಳಲಾಗದ ಕಪ್ಪು. ಬದುಕಿದ್ದಾಗ ಬಿಡದ ಬಣ್ಣ ಸತ್ತ ಮೇಲೆ ಬಿಟ್ಟೀತೆ? ಆದರೂ ತಿಕ್ಕದಿದ್ದರೆ ಇನ್ನೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

"ಇದರಲ್ಲಿ ಓಟಿನ ಶಾಯಿ ಎಲ್ಲಿದೆ?" ನಾದಿನಿ ಬಗ್ಗಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. "ಅಣ್ಣ ಓಟು ಹಾಕಿದ್ನೋ ಇಲ್ವೋ?"

"ಹಾಕಿದ್ರು. ನಾನೇ ಜೊತೆಗೆ ಹೋಗಿದ್ದೆ."

"ಯಾರಿಗೆ ಹಾಕಿದ?"

ಬಣ್ಣದಮ್ಮ ನಾರನ್ನು ನೀರಿಗೆ ಹಾಕಿ ಎದ್ದಳು. ಮೊನ್ನೆ ಮತದಾನ; ನಿನ್ನೆ ಬೆಳಿಗ್ಗೆ ಬಣ್ಣದಯ್ಯ ಬಣ್ಣ ಕಲಸುವ ಬಾನಿಯ ಪಕ್ಕದ ಮಣೆಯ ಮೇಲೆ ಕೂತವನು ಕೂತ ಹಾಗೆಯೇ ಹೋಗಿಬಿಟ್ಟ. ಆಗಿನಿಂದ ಬಂದವರೆಲ್ಲ ಹೇಗೆ ಹೋದ ಎಂದು ಒಮ್ಮೆ ಕೇಳಿದರೆ, ಯಾರಿಗೆ ಹಾಕಿದ ಎಂದು ಎರಡು ಸಲ ಕೇಳುತ್ತಿದ್ದರು.

ಆ ಊರಿನಲ್ಲಿ ಇದ್ದದ್ದು ಎರಡೇ ಬಣ್ಣ. ಪ್ರಾರ್ಥನಾ ಮಂದಿರದ ಮಾತಿಗೆ ಶಾಲೆಯಲ್ಲಿ, ಕೋರ್ಟಿನಲ್ಲಿ ಬೆಲೆ ಹೋದಂದಿನಿಂದಲೇ ದೇಶ ಹಾಳಾಯಿತು ಎನ್ನುವವರು ನೀಲಿ. ಆ ಕೆಟ್ಟ ವರ್ಷಗಳಲ್ಲಿ ಪ್ರಾರ್ಥನೆಯ ಹೆಸರು ಹೇಳಿಕೊಂಡೇ ಮನೆಮನೆಯಿಂದ ಜನರನ್ನು ಎಳೆದೊಯ್ದರು, ಇನ್ನೊಮ್ಮೆ ಅದು ಬೇಡ ಎನ್ನುವವರು ಹಸಿರು. ಮಂದಿರಕ್ಕೆ ಬೆಂಕಿ ಇಟ್ಟವರು ಯಾರು ಎಂದು ನೀಲಿಯವರು ಕೇಳಿದರೆ ಹಸಿರಿನವರು ಬೇರೆ ಕಡೆ ನೋಡುತ್ತಿದ್ದರು. ಇಬ್ಬರು ಹೇಳುವುದೂ ನಿಜವಾಗಿದ್ದದ್ದೇ ಊರಿನ ತಾಪತ್ರಯ.

ಬಣ್ಣದಮ್ಮನ ಮನೆಯಲ್ಲೂ ಅದೇ ಕತೆ. ಬಸ್ಸು ರಿಪೇರಿ ಮಾಡುವ ದೊಡ್ಡ ಮಗ ಹಸಿರು. ಅವನ ಮಾವನನ್ನು ಎಳೆದೊಯ್ದವರು ವಾಪಸು ಕಳಿಸಿರಲಿಲ್ಲ. ಶಾಲೆಯ ಮೇಷ್ಟ್ರಾದ ಚಿಕ್ಕ ಮಗ ನೀಲಿ. ಡಾಕ್ಟರು ಕೈಬಿಟ್ಟ ಅವನ ಮಗು ಪ್ರಾರ್ಥನೆಯಿಂದಲೇ ಉಳಿಯಿತೆಂದು ನಂಬಿದ್ದ. ಯಾರನ್ನು ತಪ್ಪು ಎನ್ನುವುದು? ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು. ಏನಾದರೂ ಹೇಳಬೇಕಾದರೆ ಅಮ್ಮನ ಮುಖ ನೋಡಿಕೊಂಡು ಹೇಳುತ್ತಿದ್ದರು.

ಈಗಲೂ ಹಾಗೆಯೇ. ಹೊರಕೋಣೆಯಲ್ಲಿ ಶವಪೆಟ್ಟಿಗೆಯ ತಲೆಯ ಕಡೆ ಒಬ್ಬ, ಕಾಲ ಕಡೆ ಒಬ್ಬ ನಿಂತಿದ್ದರು.

"ಅಮ್ಮಾ, ಅಪ್ಪನ ಮೇಲೆ ಹಸಿರು ಬಟ್ಟೆ ಹೊದಿಸ್ಬೇಕು. ಅಪ್ಪ ಪ್ರಾರ್ಥನೆ ದಿನ ಯಾವತ್ತಾದ್ರೂ ಮಂದಿರದ ಮೆಟ್ಟಿಲು ಹತ್ತಿದ್ದು ನೋಡಿದೀಯಾ?" ಎಂದ ದೊಡ್ಡವನು.

"ಪ್ರಾರ್ಥನೆ ದಿನ ಹೋಗ್ತಿರಲಿಲ್ಲ, ನಿಜ. ಬೇರೆ ದಿನ, ಯಾರೂ ಇಲ್ದಾಗ ಹೋಗಿ ಕೊನೇ ಬೆಂಚಲ್ಲಿ ಕೂರ್ತಿದ್ರು. ನಾನೇ ಕಣ್ಣಾರೆ ಕಂಡಿದೀನಿ. ಅವನಿಗೆ ಹೇಳಮ್ಮ, ನೀಲಿನೇ ಹೊದಿಸೋದು," ಎಂದ ಚಿಕ್ಕವನು.

"ಬಿಸಿಲಿಗೆ ತಣ್ಣಗಿರುತ್ತೆ ಅಂತ ಹೋಗಿರ್ತಾರೆ."

"ಅಮ್ಮಾ, ಅವನಿಗೆ ಬಾಯಿ ಮುಚ್ಚೋಕೆ ಹೇಳು!"

ಪಕ್ಕದ ಅಂಗಡಿಯ ಕ್ಷೌರಿಕ ನಡುವೆ ಬಂದ. ಬೆಳಿಗ್ಗೆ ಬಣ್ಣದಯ್ಯನಿಗೆ ಕೊನೆಯ ಗಡ್ಡ ಹೆರೆದವನು ಅವನೇ. ಹೆಗಲ ಮೇಲೆ ಟವೆಲ್ ಇನ್ನೂ ಹಾಗೇ ಇತ್ತು. "ಏನ್ರಪ್ಪಾ ನೀವು, ಸತ್ತ ಮನೇಲಿ! ಬಣ್ಣದಯ್ಯನ ಬಣ್ಣ ಹಿಡಿಯೋಕೆ ಆ ಕೆಟ್ಟ ವರ್ಷಗಳ ಬಂದೂಕಿನೋರ ಕೈಲೇ ಆಗ್ಲಿಲ್ಲ. ಸೇತುವೆ ಹತ್ರ ನಿಲ್ಲಿಸಿ, ನೀನು ಯಾವ ಬಣ್ಣದೋನು ಅಂದ್ರೆ, ಎರಡೂ ಕೈ ಮುಂದೆ ಚಾಚಿದ್ನಂತೆ. ಒಂದ್ರಲ್ಲಿ ಎಲ್ಲಾ ಬಣ್ಣಾನೂ ಇದೆ, ಇನ್ನೊಂದ್ರಲ್ಲೂ ಇದೆ. ನಕ್ಕು ಬಿಟ್ಟುಬಿಟ್ರಂತೆ!"

ಕೂತಿದ್ದವರು ನಕ್ಕರು. ಬಣ್ಣದಮ್ಮನಿಗೆ ಮಾತ್ರ ಆ ಕತೆಯ ಉಳಿದರ್ಧ ಗೊತ್ತಿತ್ತು. ಅಂದು ಗಂಡನ ಹಿಂದೆ ಸಾಲಿನಲ್ಲಿ ನಿಂತವನು ಹಾಲು ಮಾರುವವನು. ಅವನ ಕೈ ಬೆಳ್ಳಗಿತ್ತು. ನಕ್ಕವರೇ ಅವನನ್ನು ಪಕ್ಕಕ್ಕೆ ಕರೆದೊಯ್ದರು. ಇದನ್ನು ಬಣ್ಣದಯ್ಯ ಹೆಂಡತಿಗೆ ಒಂದೇ ಸಲ ಹೇಳಿದ್ದ, ಗೋಡೆಯ ಕಡೆ ಮುಖ ಮಾಡಿಕೊಂಡು. ಖಾಲಿ ಮಂದಿರಕ್ಕೆ ಹೋಗಿ ಕೂರಲು ಶುರುಮಾಡಿದ್ದು ಆಮೇಲೆಯೇ. ಅದು ನಂಬಿಕೆಯೋ, ದೇವರ ಜೊತೆ ಜಗಳವೋ, ಬರೀ ಕೂರುವುದೋ, ಅವಳಿಗೆ ಇಂದಿಗೂ ಬಗೆಹರಿದಿರಲಿಲ್ಲ.

"ಅಮ್ಮಾ, ಬೂತಿಗೆ ಜೊತೆಗೆ ಹೋದವಳು ನೀನು. ಅಪ್ಪ ಯಾರಿಗೆ ಹಾಕಿದ್ರು, ನೀನೇ ಹೇಳು. ಅದೇ ಬಣ್ಣ ಹೊದಿಸೋಣ," ಎಂದ ದೊಡ್ಡವನು. ಚಿಕ್ಕವನೂ ತಲೆ ಆಡಿಸಿದ. ವರ್ಷಗಳ ಮೇಲೆ ಇಬ್ಬರೂ ಒಪ್ಪಿದ ಮಾತೆಂದರೆ ಅದೊಂದೇ.

*

ಬಣ್ಣದಯ್ಯನ ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತು. ದಾರಿ ಕಾಣುತ್ತಿತ್ತು, ಮುಖ ಕಾಣುತ್ತಿತ್ತು. ನೀಲಿ ಯಾವುದು ಹಸಿರು ಯಾವುದು ಎನ್ನುವುದು ಮಾತ್ರ ಕಲಸಿಹೋಗಿತ್ತು. ಆಪರೇಷನ್ ಅಂದರೆ ಉರಿದುಬೀಳುತ್ತಿದ್ದ. "ಆಸ್ಪತ್ರೆಗೆ ಹೋದ್ರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಬಣ್ಣ ಕಾಣದೋನಿಗೆ ಬಟ್ಟೆ ಯಾರೇ ಕೊಡ್ತಾರೆ?"

ಹಾಗಾಗಿ ಗಂಡಹೆಂಡಿರು ಒಂದು ಉಪಾಯ ಮಾಡಿಕೊಂಡಿದ್ದರು. ಅವನು ಬಟ್ಟೆಯನ್ನು ಬಾನಿಯಲ್ಲಿ ಅದ್ದುವುದು, ಅವಳು ಅಲ್ಲೇ ಏನೋ ಕೆಲಸ ಮಾಡುವವಳ ಹಾಗೆ ನಿಂತು ನೋಡುವುದು. ಬಣ್ಣ ಹದಕ್ಕೆ ಬಂತೆಂದರೆ ಒಮ್ಮೆ ಕೆಮ್ಮುವುದು. ಕೆಮ್ಮಿದರೆ ಸಾಕು ಎಂದು ಅರ್ಥ. ಹಸಿರಿಗಾದರೆ ನೀಲಿ ಬಾನಿಯಿಂದ ತೆಗೆದು ಹಳದಿ ಬಾನಿಗೆ, ಅಲ್ಲೂ ಕೆಮ್ಮು. ಮಕ್ಕಳಿಗೂ ಈ ಗುಟ್ಟು ಗೊತ್ತಿರಲಿಲ್ಲ. ಗಿರಾಕಿಗಳು ಅವಳದು ಹಳೇ ಕೆಮ್ಮು ಎಂದುಕೊಂಡಿದ್ದರು. ಕ್ಷೌರಿಕನಂತೂ ಕಂಡಾಗೆಲ್ಲ ಒಂದೊಂದು ಔಷಧಿಯ ಹೆಸರು ಹೇಳುತ್ತಿದ್ದ.

ಮತದಾನದ ಹಿಂದಿನ ವಾರ ಅವಳು ಜ್ವರ ಬಂದು ಮಲಗಿದಳು. ಗೆದ್ದವರ ಮೆರವಣಿಗೆಗೆಂದು ಎರಡೂ ಪಕ್ಷದವರು ಬಿಳಿ ಬಟ್ಟೆ ತಂದು ಸುರಿದಿದ್ದರು; ಗೆಲ್ಲುವುದು ತಾವೇ ಎಂದು ಇಬ್ಬರಿಗೂ ಗ್ಯಾರಂಟಿ. "ನೀನು ಮಲ್ಕೋ, ನಾನು ನೋಡ್ಕೋತೀನಿ," ಎಂದಿದ್ದ ಬಣ್ಣದಯ್ಯ.

ಜ್ವರ ಬಿಟ್ಟ ಮೇಲೆ ಇಬ್ಬರೂ ಕೈ ಹಿಡಿದುಕೊಂಡು ಓಟು ಹಾಕಲು ಶಾಲೆಗೆ ನಡೆದರು. ದಾರಿಯಲ್ಲಿ ಅವನು, "ಅಷ್ಟು ಜ್ವರದಲ್ಲೂ ಕಿಟಕಿಯಿಂದ ನೋಡ್ತಾ ಇದ್ದೆಯಲ್ಲ ಕಣೇ. ನೀನಿಲ್ದಿದ್ರೆ ಬಟ್ಟೆ ಕೆಟ್ಟು ಕೆರ ಹಿಡೀತಿತ್ತು," ಎಂದ. ಅವಳ ತಲೆ ಇನ್ನೂ ಗುಂಯ್ ಎನ್ನುತ್ತಿತ್ತು. ಏನು ಹೇಳುತ್ತಿದ್ದಾನೆಂದು ತಿಳಿಯದೆ ಹೂಂ ಅಂದಳು.

ಬೂತಿನಿಂದ ಹೊರಬಂದವನ ಮುಖ ಸಣ್ಣಗಾಗಿತ್ತು.

"ಯಾವುದಕ್ಕೆ ಹಾಕಿದ್ರಿ?"

"ಗೊತ್ತಾಗ್ಲಿಲ್ಲ ಕಣೇ. ಚೀಟೀಲಿ ಎರಡು ಬಣ್ಣದ ಪಟ್ಟೀನೂ ಒಂದೇ ಥರ ಕಂಡ್ವು. ಅಲ್ಲಿದ್ದೋರನ್ನ ಕೇಳೋಕೆ ನಾಚಿಕೆ ಆಯ್ತು. ಮೇಲಿನದಕ್ಕೆ ಮುದ್ರೆ ಒತ್ತಿ ಬಂದೆ. ಮೇಲಿದ್ದದ್ದು ಯಾವ್ದು?"

ಅವಳು ಯೋಚಿಸಿದಳು. ತಾನೂ ಈಗಷ್ಟೇ ನೋಡಿದ ಕಾಗದ. ಮೇಲೆ ನೀಲಿಯೋ ಹಸಿರೋ, ದೇವರಾಣೆಗೂ ನೆನಪಿಗೆ ಬರಲಿಲ್ಲ. "ಹೋಗ್ಲಿ, ಯಾವುದಕ್ಕೆ ಹಾಕ್ಬೇಕು ಅಂತಿದ್ರಿ?"

"ಅದನ್ನೂ ಅಲ್ಲೇ ಹೋಗಿ ತೀರ್ಮಾನ ಮಾಡೋಣ ಅಂತಿದ್ದೆ," ಎಂದ ಬಣ್ಣದಯ್ಯ. ಆಮೇಲೆ ಇಬ್ಬರಿಗೂ ನಗು ಬಂತು. ಶಾಲೆಯ ಗೇಟಿನ ಹತ್ತಿರ ನಿಂತು, ಎರಡೂ ಪಕ್ಷದವರು ಮಿಕಮಿಕ ನೋಡುವ ಹಾಗೆ ನಕ್ಕಿದ್ದರು.

*

"ಹೇಳಮ್ಮ," ಎಂದರು ಮಕ್ಕಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಊರೆಲ್ಲ, ಕಣ್ಣು ಕಾಣದವನು ಬಣ್ಣ ಹಾಕುತ್ತಿದ್ದನಂತೆ ಎಂದು ಆಡಿಕೊಳ್ಳುತ್ತದೆ. ಅವನು ಇಷ್ಟು ವರ್ಷ ಜೀವದ ಹಾಗೆ ಕಾಪಾಡಿಕೊಂಡ ಹೆಸರು ಮಣ್ಣಿಗೆ ಮುಂಚೆಯೇ ಮಣ್ಣಾಗುತ್ತದೆ. ಒಂದು ಬಣ್ಣದ ಹೆಸರು ಹೇಳಿದರೆ ಒಬ್ಬ ಮಗ ಈಗಲೇ ಹೊಸ್ತಿಲು ದಾಟಿ ಹೋಗುತ್ತಾನೆ.

"ಓಟಿನ ಮಾತು ಬೇಡ," ಎಂದಳು ಕೊನೆಗೆ. "ಪಕ್ಷದೋರ ಬಾವುಟಾನೂ ನನ್ನ ಮನೆಗೆ ಬೇಡ. ಬಾನಿ ಶೆಡ್ಡಿನ ಕಪಾಟಲ್ಲಿ ನಿಮ್ಮಪ್ಪ ಕೊನೇ ಸಲ ಬಣ್ಣ ಹಾಕಿದ ಬಟ್ಟೆ ಇದೆ. ಬಲಗಡೆ ನೀಲಿ, ಎಡಗಡೆ ಹಸಿರು ಇಟ್ಟಿದೀನಿ ಅಂದಿದ್ರು. ಅವರದೇ ಕೈ ಕೆಲಸ. ಇಬ್ಬರೂ ಒಂದೊಂದು ತಗೊಳ್ಳಿ, ಅರ್ಧ ಅರ್ಧ ಹೊದಿಸಿ. ಇಷ್ಟಾದ ಮೇಲೂ ಕಿತ್ತಾಡೋದಾದ್ರೆ ನನ್ನನ್ನೂ ಅದೇ ಗುಂಡಿಗೆ ಹಾಕಿ."

ಇಬ್ಬರೂ ಶೆಡ್ಡಿನ ಕತ್ತಲಿಗೆ ಹೋಗಿ ಒಂದೊಂದು ಗಂಟು ತಂದರು. ಒಣಗಿಸಿ, ಮಡಿಚಿ, ಹಳೇ ಗೋಣಿಯಲ್ಲಿ ಸುತ್ತಿಟ್ಟಿದ್ದ ಬಟ್ಟೆ. ಪೆಟ್ಟಿಗೆ ಎದ್ದಿತು. ದೊಡ್ಡವನ ಹಿಂದೆ ಹಸಿರಿನವರು, ಚಿಕ್ಕವನ ಹಿಂದೆ ನೀಲಿಯವರು, ರಸ್ತೆಯ ಎರಡು ಅಂಚು ಹಿಡಿದು ನಡೆದರು. ನಾಳೆ ಎಣಿಕೆ, ಇವತ್ತು ಯಾರೂ ಯಾರನ್ನೂ ನಂಬುವ ಹಾಗಿರಲಿಲ್ಲ. ನಡುವೆ ಪೆಟ್ಟಿಗೆ, ಅದರ ಹಿಂದೆ ಬಣ್ಣದಮ್ಮ. ಬಿಸಿಲಿಗೋ ಧೂಳಿಗೋ ಅವಳಿಗೆ ಮತ್ತೆ ಕೆಮ್ಮು ಹತ್ತಿತು.

"ಜ್ವರದಲ್ಲೂ ಹೀಗೇ ಕೆಮ್ತಿದ್ರಿ," ಎಂದ ಪಕ್ಕದಲ್ಲಿದ್ದ ಕ್ಷೌರಿಕ. "ನಮ್ಮ ಅಂಗಡಿಗೇ ಕೇಳಿಸ್ತಿತ್ತು. ಹೊತ್ತಿಲ್ಲ ಗೊತ್ತಿಲ್ಲ, ದಿನವಿಡೀ ಕೆಮ್ಮೋದೇ."

ಬಣ್ಣದಮ್ಮನ ಕಾಲು ನಿಂತಲ್ಲೇ ನಿಂತಿತು. ಮಲಗಿದ್ದ ಕೋಣೆಯ ಕಿಟಕಿ ಶೆಡ್ಡಿಗೆ ತೆರೆದಿತ್ತು. ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಬಾನಿಯ ಕಡೆ ಒಮ್ಮೆಯೂ ನೋಡಿರಲಿಲ್ಲ. ಅವನು ಮಾತ್ರ, ಹೆಂಡತಿ ಜ್ವರದಲ್ಲೂ ತನ್ನ ಕೈಬಿಟ್ಟಿಲ್ಲ ಎಂದುಕೊಂಡು, ಕೆಮ್ಮಿದಾಗೆಲ್ಲ ಬಟ್ಟೆಯನ್ನು ಮೇಲೆತ್ತಿದ್ದ. ಕೆಮ್ಮಿದಾಗೆಲ್ಲ ಒಂದು ಬಾನಿಯಿಂದ ಇನ್ನೊಂದಕ್ಕೆ ಹಾಕಿದ್ದ. ಕಿಟಕಿಯಿಂದ ನೋಡ್ತಾ ಇದ್ದೆಯಲ್ಲ ಕಣೇ.

ತಡೆಯಬೇಕೆಂದು ಅವಳು ಮುಂದೆ ಓಡುವ ಹೊತ್ತಿಗೆ ಪೆಟ್ಟಿಗೆ ಗುಂಡಿಯ ಪಕ್ಕ ಇಳಿದಿತ್ತು. ಮಕ್ಕಳು ಗೋಣಿ ಬಿಚ್ಚಿ ಬಟ್ಟೆ ಕೊಡವಿದರು.

ಬಿಸಿಲಲ್ಲಿ ಎರಡೂ ಬಟ್ಟೆ ಒಂದೇ ಬಣ್ಣವಾಗಿ ಹರಡಿಕೊಂಡವು. ನೀಲಿಯೂ ಅಲ್ಲದ, ಹಸಿರೂ ಅಲ್ಲದ, ಕೊಳದ ನೀರಿನಂಥ ಬಣ್ಣ. ಒಂದು ಕಡೆ ತಿಳಿ, ಒಂದು ಕಡೆ ಗಾಢ, ಎಲ್ಲೆಂದರಲ್ಲಿ ಕಲೆ. ರಸ್ತೆಯ ಎರಡಂಚಿನವರೂ ಕತ್ತು ಉದ್ದ ಮಾಡಿ ನೋಡಿದರು.

"ನಂದು ಯಾವುದು?" ಎಂದ ದೊಡ್ಡವನು, ಯಾರನ್ನೆಂದಿಲ್ಲದೆ.

ಚಿಕ್ಕವನು ತನ್ನ ಕೈಯಲ್ಲಿದ್ದುದನ್ನು ತಿರುಗಿಸಿ ತಿರುಗಿಸಿ ನೋಡಿದ. "ನೀಲಿ ಇದೇ ಇರ್ಬೇಕು... ಅಲ್ವಾ ಅಣ್ಣ?"

ಅಣ್ಣ ಎನ್ನುವ ಮಾತು ಬಾಯಿಂದ ತಾನಾಗಿ ಜಾರಿಬಿದ್ದಿತ್ತು. ದೊಡ್ಡವನು ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಮೂಸಿದ. ಇಬ್ಬರೂ ಚಿಕ್ಕವರಿದ್ದಾಗ ಅಪ್ಪ ಆಡಿಸುತ್ತಿದ್ದ ಆಟ ಅದು: ಕಣ್ಣು ಮುಚ್ಚಿ, ಬಟ್ಟೆ ಮೂಸಿ, ಬಣ್ಣ ಹೇಳುವುದು. ನೀಲಿಗೆ ಕೊಳೆತ ಎಲೆಯ ನಾತ, ಹಳದಿಗೆ ಬೆಂದ ತೊಗಟೆಯ ಘಾಟು. ಚಿಕ್ಕವನೂ ಮೂಸಿದ. ತಲೆಯಾಡಿಸಿದ. ಇಬ್ಬರೂ ಬಟ್ಟೆ ಅದಲುಬದಲು ಮಾಡಿಕೊಂಡು ಮತ್ತೆ ಮುಖ ಹುದುಗಿಸಿದರು. ಈ ಸಲ ಬಹಳ ಹೊತ್ತು ಮುಖ ಮೇಲೆತ್ತಲಿಲ್ಲ.

"ಪಾಪ, ಅಳ್ತಿದಾರೆ. ಅತ್ತುಬಿಡ್ಲಿ," ಎಂದ ಕ್ಷೌರಿಕ, ಹಿಂದಿದ್ದವರಿಗೆ.

ಬಣ್ಣದಮ್ಮ, ಬಾನಿಯ ಪಕ್ಕ ನಿಂತಾಗಿನ ಹಾಗೆ, ಒಮ್ಮೆ ಕೆಮ್ಮಿದಳು. ಇಬ್ಬರೂ ಬಟ್ಟೆಯನ್ನು ಮುಖದಿಂದ ಕೆಳಗಿಳಿಸಿದರು.