ಭುಜ ಹಿಡಿದವಳ ಮಾತು

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಕುದಿಯುವ ನೀರಿನ ಸದ್ದಿನಿಂದ. ಒಂದು ಒಲೆಯ ಮೇಲೆ ಚಹಾ, ಇನ್ನೊಂದರ ಮೇಲೆ ಅತ್ತೆಯ ಕತ್ತರಿ. ಪಾತ್ರೆ ಅದಲುಬದಲಾದೀತೆಂದು ನನ್ನ ಗಂಡ ದಿನಾ ಇಣುಕಿ ನೋಡಿಯೇ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದರು. ಅತ್ತೆ ಸೂಲಗಿತ್ತಿ. ಊರೆಲ್ಲ ಅವರನ್ನು ‘ಗಡಿಯಾರದಮ್ಮ’ ಎನ್ನುತ್ತಿತ್ತು. ಬೇರೆಯವರ ಕೈಯಲ್ಲಿ ದಿನವಿಡೀ ಎಳೆಯುವ ಹೆರಿಗೆ ಇವರ ಕೈಯಲ್ಲಿ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತಿತ್ತು. ಬೇಗ ಹೆತ್ತವಳು ಗಟ್ಟಿಗಿತ್ತಿ, ತಡಮಾಡಿದವಳು ಸೋಮಾರಿ ಎಂಬುದು ನಮ್ಮ ಬೀದಿಯ ಹೆಂಗಸರ ತೀರ್ಮಾನ.

ಬೇಗ ಮುಗಿಸುವ ಗುಟ್ಟು ನನಗೆ ಗೊತ್ತಿತ್ತು. ಹನ್ನೊಂದು ವರ್ಷ ಭುಜ ಹಿಡಿದವಳು ನಾನೇ. ಬೇನೆ ಸ್ವಲ್ಪ ಬಲಿತರೆ ಸಾಕು, ಬಸುರಿಯನ್ನು ಅಂಗಾತ ಮಲಗಿಸಿ, ಉಸಿರು ಕಟ್ಟಿ ಮುಕ್ಕು, ಕೆಳಕ್ಕೆ ತಿಣುಕು ಎಂದು ಗದರಿಸುವುದು. ಸಾಲದಿದ್ದರೆ ಅತ್ತೆ ಹೊಟ್ಟೆಯ ಮೇಲ್ಭಾಗಕ್ಕೆ ಮುಂಗೈ ಅಡ್ಡವಿಟ್ಟು, ಮೈಭಾರವನ್ನೆಲ್ಲ ಹೇರಿ ಕೆಳಕ್ಕೆ ಒತ್ತುವರು. ಅವಳು ಏಳದಂತೆ ನಾನು ಭುಜ ಅದುಮಿ ಹಿಡಿಯಬೇಕು. ಹೆಚ್ಚಿನವರು ಬದುಕಿದರು. ಕೆಲವರು ಉಚ್ಚೆ ತಡೆಯಲಾರದವರಾಗಿ ಜೀವನಪೂರ್ತಿ ಮನೆಯ ಮೂಲೆ ಸೇರಿದರು. ಓದುತ್ತಿರುವ ತಾಯಂದಿರೇ, ಅಂಥವರು ನಿಮ್ಮ ಬೀದಿಯಲ್ಲೂ ಇದ್ದಾರು. ಅವರ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆಸ್ಪತ್ರೆಯ ನರ್ಸು ಒಮ್ಮೆ ಮನೆಗೇ ಬಂದು ಹೇಳಿದ್ದಳು: “ಗರ್ಭಕೋಶದ ಬಾಯಿ ಪೂರ್ತಿ ತೆರೆಯೋವರೆಗೂ ಕಾಯಿರಿ ಅಮ್ಮ. ಆಮೇಲೆ ಅವಳಿಗೇ ಮುಕ್ಕಬೇಕು ಅನ್ಸುತ್ತೆ. ಕೂರ್ತಾಳೋ, ಮಗ್ಗುಲಾಗ್ತಾಳೋ, ಅವಳಿಷ್ಟ. ಹೊಟ್ಟೆ ಮಾತ್ರ ಒತ್ತಬೇಡಿ. ಒಳಗೆ ಹರಿದುಹೋದ್ರೆ ತಾಯೀನೂ ಇಲ್ಲ, ಮಗೂನೂ ಇಲ್ಲ.”

“ನೀನು ಹುಟ್ಟಿದ್ದೂ ಈ ಕೈಯಲ್ಲೇ ಕಣೇ,” ಅತ್ತೆ ನಕ್ಕರು. “ನಿಮ್ಮಮ್ಮನ ಹೊಟ್ಟೆ ಒತ್ತಿದ್ದಕ್ಕೇ ಇವತ್ತು ನನಗೆ ಪಾಠ ಹೇಳೋಕೆ ಬಂದಿದ್ದೀಯ.”

“ನಮ್ಮಮ್ಮ ಆಮೇಲೆ ಹೇಗಿದ್ರು ಅಂತ ಒಂದು ಸಲ ಕೇಳಿದ್ರಾ?” ಎಂದಳು ನರ್ಸು.

ಅತ್ತೆ ಕೇಳಿರಲಿಲ್ಲ. ಚಹಾ ಕೊಟ್ಟು ಸಾಗಹಾಕಿದರು.

ಆ ವರ್ಷವೇ ನನ್ನ ನಾದಿನಿ ಬಸುರಾದಳು. ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹುಡುಗಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರ ಸುದ್ದಿಯನ್ನೆಲ್ಲ ಹೇಳಿ ನಗಿಸುವಳು. ನೋವು ಶುರುವಾದ ಬೆಳಿಗ್ಗೆ ತಾನೇ ನಡೆದು ತಾಯಿಯ ಬಳಿ ಬಂದಳು. ಹಿಂದೆಯೇ ಅವಳ ಅತ್ತೆ, ಓರಗಿತ್ತಿಯರು ಬಂದು ಮುಂದಿನ ಕೋಣೆಯಲ್ಲಿ ಕೂತರು. ಸ್ವಂತ ಮಗಳದೇ ತಡವಾದರೆ ನಾಲ್ಕು ಜನ ಏನಂದಾರು ಎಂಬ ಚಿಂತೆ ನಮ್ಮತ್ತೆಯ ಮುಖದಲ್ಲೇ ಕಾಣುತ್ತಿತ್ತು.

ಹನ್ನೊಂದು ಗಂಟೆಗೆ “ಮುಕ್ಕು” ಎಂದರು.

“ಅಮ್ಮಾ, ನಂಗಿನ್ನೂ ಹಾಗನ್ನಿಸ್ತಿಲ್ಲ.”

“ಅನ್ನಿಸೋದೇನು ಬಂತು? ಹೆರೋಳು ನೀನು, ಹೆರಿಸೋಳು ನಾನು. ಮುಕ್ಕೇ!”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. “ಅತ್ತಿಗೆ, ಸ್ವಲ್ಪ ಎದ್ದು ಕೂರ್ತೀನಿ, ಬಿಡಿ.”

ನಾನು ಬಿಡಲಿಲ್ಲ. ಅತ್ತೆ ಮುಂಗೈ ಇಟ್ಟು ಒತ್ತಿದರು. ಒಂದು ಸಲ, ಎರಡು ಸಲ, ಬೆವರು ಒರೆಸಿಕೊಂಡು ಮತ್ತೆ ಮತ್ತೆ. ಕೊನೆಗೊಮ್ಮೆ ಅವಳು ಚೀರಿ ಸುಮ್ಮನಾದಳು. ನೋವೇ ನಿಂತುಹೋಯಿತು. “ದಣಿದಿದ್ದಾಳೆ,” ಎಂದರು ಅತ್ತೆ. ತುಟಿ ಬಿಳಿಚಿಕೊಂಡಿದ್ದು ಕಂಡು ನಾನು ಬರಿಗಾಲಲ್ಲೇ ನರ್ಸಿನ ಬಳಿ ಓಡಿದೆ. ಗಾಡಿ ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ತಾಯಿ, ಮಗು ಇಬ್ಬರೂ ಇರಲಿಲ್ಲ.

ಮೂರನೆಯ ದಿನ ಮನೆ ತುಂಬ ಮಾತಾಡಿಸಲು ಬಂದವರು. “ಗಟ್ಟಿಯಾಗಿ ಮುಕ್ಕಲೇ ಇಲ್ಲ ಹುಡುಗಿ,” ಅತ್ತೆ ಎಲ್ಲರಿಗೂ ಅದನ್ನೇ ಹೇಳುತ್ತಿದ್ದರು. ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ಆ ಮಾತು ಬಿಟ್ಟರೆ ಹಿಡಿದುಕೊಳ್ಳಲು ಅವರಿಗೆ ಬೇರೇನೂ ಉಳಿದಿರಲಿಲ್ಲ. ಆಮೇಲೆ, ಗೋಡೆಗೊರಗಿ ಕೂತಿದ್ದ ಎದುರುಮನೆಯ ಬಸುರಿಯ ಕಡೆ ತಿರುಗಿದರು. “ನೀನು ಹಾಗೆ ಹಠ ಮಾಡ್ಬೇಡಮ್ಮ. ದಿನ ಹತ್ರ ಬಂತು. ನಾನು ಹೇಳಿದ ಹಾಗೆ ಕೇಳು.” ಅವಳು ಹೆದರಿ ತಲೆಯಾಡಿಸಿದಳು.

ಅಲ್ಲಿಗೆ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

“ಅವಳು ಹಠ ಮಾಡ್ಲಿಲ್ಲ. ಇನ್ನೂ ಅನ್ನಿಸ್ತಿಲ್ಲ ಅಂದ್ಲು, ಎದ್ದು ಕೂರ್ತೀನಿ ಅಂದ್ಲು. ಅತ್ತೆ ಹೊಟ್ಟೆ ಒತ್ತಿದ್ರು, ನಾನು ಭುಜ ಹಿಡ್ಕೊಂಡಿದ್ದೆ. ನಾವಿಬ್ರೂ ಸೇರಿ ಕೊಂದ್ವಿ.”

“ಬಾಯ್ಮುಚ್ಚು!” ಗಂಡ ಎದ್ದು ನಿಂತರು. “ಹೆತ್ತ ತಾಯಿ ಮೇಲೆ ಇಂಥ ಮಾತಾ? ಇನ್ನೊಂದು ಮಾತಾಡಿದ್ರೆ ಈ ಮನೇಲಿ ನಿನಗೆ ಜಾಗ ಇಲ್ಲ.”

ಎದುರುಮನೆಯ ಬಸುರಿ ನಮ್ಮತ್ತೆಯನ್ನೇ ನೋಡಿದಳು. “ಹೌದಾ ಅಮ್ಮ?”

ಅತ್ತೆ ಇಲ್ಲ ಎನ್ನಬಹುದಿತ್ತು. ಇಡೀ ಬೀದಿ ನಂಬುತ್ತಿತ್ತು. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

“ಬಾಮ್ಮ, ನರ್ಸಿನ ಹತ್ರ ಹೋಗೋಣ,” ಎಂದು ನಾನು ಬಸುರಿಯತ್ತ ಕೈ ಚಾಚಿದೆ. ಗಂಡನ ಬೈಗುಳ ಬಾಗಿಲು ದಾಟಿದ ಮೇಲೂ ಕೇಳುತ್ತಿತ್ತು. ಬೀದಿಯ ಕೊನೆಯಲ್ಲಿ ಅವಳು ಸೊಂಟ ಹಿಡಿದು ನಿಂತಳು.

“ನನ್ನಿಂದ ನಿಮಗೆ ತಡ ಆಗ್ತಿದೆಯೇನೋ ಅಕ್ಕ?”

“ಆಗ್ಲಿ ಬಿಡು,” ಎಂದೆ. ಅವಳೇ ಹೆಜ್ಜೆ ಎತ್ತುವವರೆಗೂ ಕಾದೆ.